ಗಣೇಶನ ಮದುವೆಗೆ ಇನ್ನೊಮ್ಮೆ ಹೋಗಿಬನ್ನಿ

‘ಅಪಾರ್ಥ ಮಾಡ್ಕೋಬೇಡಿ’ ಎಂದರೆ ಸಾಕು, ಕಾಲೇಜು ಹುಡುಗರೂ ನಗುತ್ತಾರೆ. ಎಂ.ಎಸ್. ಉಮೇಶ್ ಅವರ ಗಾಬರಿಬಿದ್ದ ಮುಖ ವಾಟ್ಸ್‌ಆ್ಯಪ್ ಸ್ಟಿಕರ್ ಆಗಿದೆ, ಮೀಮ್ ಆಗಿದೆ, ರೀಲ್‌ಗಳ ನಡುವೆ ತೂರಿಕೊಂಡು ಬರುತ್ತದೆ. ಆದರೆ ಆ ಮಾತು ಹುಟ್ಟಿದ ‘ಗೋಲ್‌ಮಾಲ್ ರಾಧಾಕೃಷ್ಣ’ (1990) ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವರು ಆ ಹುಡುಗರಲ್ಲಿ ಎಷ್ಟಿದ್ದಾರೋ! ಸಾಯಿಪ್ರಕಾಶ್ ನಿರ್ದೇಶನದ ಆ ಚಿತ್ರದಲ್ಲಿ ಉಮೇಶ್ ಅವರ ಸೀತಾಪತಿಗೆ ಅರ್ಥಕ್ಕಿಂತ ಅಪಾರ್ಥವೇ ಹೆಚ್ಚು. ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದ ಉಮೇಶ್‌ಗೆ, ಒಂದೇ ಮಾತನ್ನು ಹತ್ತು ಸಲ ಹೇಳಿದರೂ ಹತ್ತನೆಯ ಸಲಕ್ಕೂ ನಗು ಬರಿಸುವುದು ಹೇಗೆಂದು ಗೊತ್ತಿತ್ತು. ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಆ ಹತ್ತನೆಯ ಸಲ ಸಿಗುವುದಿಲ್ಲ.

ಕನ್ನಡದ ಹಳೆಯ ಹಾಸ್ಯಚಿತ್ರಗಳಿಗೆ ಈಗ ಬಂದಿರುವ ಪಾಡು ಇದು. ಜನ ಅವುಗಳನ್ನು ಮರೆತಿಲ್ಲ. ಹಾಗೆ ನೋಡಿದರೆ ಹಿಂದೆಂದಿಗಿಂತ ಹೆಚ್ಚು ಜನ ಅವುಗಳ ಚೂರುಗಳನ್ನು ನೋಡುತ್ತಿದ್ದಾರೆ. ಇಡಿಯಾಗಿ ನೋಡುವವರು ಮಾತ್ರ ಕಡಿಮೆಯಾಗಿದ್ದಾರೆ. ಇಡಿಯಾಗಿ ನೋಡಿದರೆ ತಿಳಿಯುವ ಸಂಗತಿ ಬೇರೆಯೇ ಇದೆ: ನಮ್ಮ ಒಳ್ಳೆಯ ಹಾಸ್ಯದ ಬೇರು ಬಾಡಿಗೆ, ಸಾಲ, ನಿರುದ್ಯೋಗ, ಮದುವೆ, ಮರ್ಯಾದೆ ಇಂಥವುಗಳಲ್ಲಿದೆ. ಜೋಕು ಅದರ ಮೇಲೆ ಬಿಟ್ಟ ಹೂವು, ಅಷ್ಟೇ.

ಹಾಸ್ಯ ಹೀಗೆ ಬದುಕಿನಲ್ಲಿ ಬೇರೂರಿದ್ದು ಒಮ್ಮೆಗೇ ಅಲ್ಲ. ಕಂಪನಿ ನಾಟಕಗಳಲ್ಲಿ ಹಾಸ್ಯಗಾರನಿಗೆ ಪ್ರತ್ಯೇಕ ದೃಶ್ಯಗಳಿರುತ್ತಿದ್ದವು. ರಾಜನ ಕಥೆ ಒಂದು ಕಡೆ, ಹಾಸ್ಯಗಾರನ ಸಂಸಾರ ಇನ್ನೊಂದು ಕಡೆ. ಸಿನಿಮಾ ಅದನ್ನೇ ಎತ್ತಿಕೊಂಡಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನಾಗಿ ಕೊಟ್ಟಿತು. ಅದೇ ಚಿತ್ರ ತಿಪಟೂರಿನ ನರಸಿಂಹರಾಜು ಅವರನ್ನೂ ಕೊಟ್ಟಿತು. ಮುಂದಿನ ಇಪ್ಪತ್ತೈದು ವರ್ಷ ನರಸಿಂಹರಾಜು ಇಲ್ಲದ ಕನ್ನಡ ಚಿತ್ರ ಸಿಗುವುದು ಕಷ್ಟವಾಗಿತ್ತು. ಸಣಕಲು ದೇಹ, ಮುಂದೆ ಚಾಚಿದ ಹಲ್ಲು, ಎತ್ತರದ ದನಿ, ಇವು ಅವರ ಬಂಡವಾಳ ಎಂದು ಬರೆಯುವುದು ವಾಡಿಕೆ. ನಿಜವಾದ ಬಂಡವಾಳ ಕಿವಿಯಲ್ಲಿತ್ತು. ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ, ತಾನು ಎಷ್ಟು ತಡೆದು ಬಾಯಿ ತೆರೆಯಬೇಕು ಎಂಬ ಲೆಕ್ಕ ಅವರಿಗೆ ರಂಗದ ಮೇಲೆ ಕರಗತವಾಗಿತ್ತು.

ಅವರ ಜತೆಗಾರ ಟಿ.ಎನ್. ಬಾಲಕೃಷ್ಣ ಅವರದು ಇನ್ನೂ ಸೋಜಿಗದ ಕಥೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸಹನಟರ ತುಟಿಯ ಚಲನೆ ನೋಡಿಕೊಂಡು ತಮ್ಮ ಸರದಿ ಹಿಡಿಯುತ್ತಿದ್ದ ಈ ನಟ ನೂರಾರು ಚಿತ್ರಗಳಲ್ಲಿ ಎಲ್ಲಿಯೂ ತಾಳ ತಪ್ಪಿದಂತೆ ಕಾಣುವುದಿಲ್ಲ. ಬೆಂಗಳೂರಿನ ಅಭಿಮಾನ್ ಸ್ಟುಡಿಯೊ ಕಟ್ಟಿದವರೂ ಅವರೇ. ಕಪ್ಪುಬಿಳುಪು ಚಿತ್ರಗಳಲ್ಲಿ ಇವರಿಬ್ಬರು ಎದುರುಬದುರು ನಿಂತ ದೃಶ್ಯ ಬಂದಾಗ ನಾಯಕ ನಾಯಕಿಯ ಕಥೆ ಎಲ್ಲಿಗೆ ಬಂದಿತ್ತು ಎಂಬುದೇ ಮರೆತುಹೋಗುತ್ತದೆ. ಅದೇ ಆ ಚಿತ್ರಗಳ ಸುಖ, ಅದೇ ಮಿತಿ ಕೂಡ. ಹಾಸ್ಯದ ದೃಶ್ಯ ಕತ್ತರಿಸಿ ತೆಗೆದರೂ ಕಥೆ ಕುಂಟದೆ ಸಾಗುತ್ತಿತ್ತು. ಕೊನೆಗೆ ನರಸಿಂಹರಾಜು ತಾವೇ ಹಣ ಹೂಡಿ 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ತೆಗೆದದ್ದರ ಹಿಂದೆ, ಪಕ್ಕದ ಸಾಲಿನಿಂದ ಎದ್ದು ನಡುಸಾಲಿಗೆ ಬರುವ ಆಸೆ ಇದ್ದಿರಲೇಬೇಕು.

ಆ ಸಾಲು ದಾಟುವುದನ್ನು ಹೆಚ್ಚು ಹಟದಿಂದ ಮಾಡಿದವರು ದ್ವಾರಕೀಶ್. ಹುಣಸೂರಿನಲ್ಲಿ ಹುಟ್ಟಿದ ಈ ಕುಳ್ಳ, ತನ್ನ ಎತ್ತರವನ್ನೇ ಚಿತ್ರದ ಹೆಸರಿಗೆ ಹಾಕಿಕೊಂಡ ಧೈರ್ಯಗಾರ. 1969ರಲ್ಲಿ ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿ ಸಿದ್ದಲಿಂಗಯ್ಯ ಅವರಿಗೆ ನಿರ್ದೇಶನದ ಮೊದಲ ಅವಕಾಶ ಕೊಟ್ಟರು. ‘ಕುಳ್ಳ ಏಜೆಂಟ್ 000’ (1972) ಚಿತ್ರದಲ್ಲಿ ಜೇಮ್ಸ್ ಬಾಂಡ್‌ನನ್ನು ಅಣಕಿಸಿದರು. ಆಮೇಲೆ ವಿಷ್ಣುವರ್ಧನ್ ಜತೆ ‘ಕಿಟ್ಟು ಪುಟ್ಟು’ (1977), ‘ಸಿಂಗಾಪುರದಲ್ಲಿ ರಾಜಾಕುಳ್ಳ’ (1978). ಇವತ್ತು ನೋಡಿದರೆ ಸಿಂಗಾಪುರದ ಕಥೆ ಅಲ್ಲಲ್ಲಿ ಪ್ರವಾಸಿ ಇಲಾಖೆಯ ಸಾಕ್ಷ್ಯಚಿತ್ರದಂತೆ ಎಳೆಯುತ್ತದೆ ಎನ್ನುವುದು ನಿಜ. ಆದರೆ ವಿಷ್ಣುವರ್ಧನ್ ಅವರಂಥ ಸ್ಫುರದ್ರೂಪಿ ತಾರೆ ಕುಳ್ಳನ ಕೈಯಲ್ಲಿ ತಮಾಷೆಗೆ ಸಿಕ್ಕಿಬೀಳಲು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ದ್ವಾರಕೀಶ್ ತೀರಿಕೊಂಡಾಗ ಪತ್ರಿಕೆಗಳು ‘ಆಪ್ತಮಿತ್ರ’ದ ಗೆಲುವನ್ನೇ ಹೆಚ್ಚಾಗಿ ನೆನೆದವು. ಮರಳಿ ನೋಡಬೇಕಾದದ್ದು ಎಪ್ಪತ್ತರ ದಶಕದ ಅವರ ಪುಂಡಾಟಗಳನ್ನು.

ಇನ್ನು ನಡುಮನೆಗೆ ಬರೋಣ. 1989ರಿಂದ ಸುಮಾರು ಐದಾರು ವರ್ಷ ಕನ್ನಡದಲ್ಲಿ ಒಂದು ವಿಶೇಷ ಬಗೆಯ ಹಾಸ್ಯಚಿತ್ರ ಬಂತು. ಅದರ ಮುಖ ಅನಂತನಾಗ್.

ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಸಂಗೀತಗಾರನ ಅಹಂಕಾರ ಮತ್ತು ನೋವನ್ನು ತೋರಿಸಿದ್ದ ನಟ ಈಗ ಬಾಡಿಗೆ ಮನೆಯ ಗಣೇಶನಾದ. ‘ಗಣೇಶನ ಮದುವೆ’ (1990) ಫಣಿ ರಾಮಚಂದ್ರ ಅವರ ಚಿತ್ರ. ಕಥೆ ನಡೆಯುವುದು ಒಂದು ವಠಾರದಲ್ಲಿ. ಮುಖ್ಯಮಂತ್ರಿ ಚಂದ್ರು ವಠಾರದ ಮಾಲೀಕ ರಮಣಮೂರ್ತಿ, ಅನಂತನಾಗ್ ಬಾಡಿಗೆದಾರ, ವಿನಯಾ ಪ್ರಸಾದ್ ಮಾಲೀಕರ ಮನೆಯ ಹುಡುಗಿ ಆದಿಲಕ್ಷ್ಮಿ. ಗಣೇಶನಿಗೂ ಆದಿಲಕ್ಷ್ಮಿಗೂ ಹಾವು ಮುಂಗುಸಿ ಸಂಬಂಧ. ಇತ್ತ ಗಣೇಶ ರೇಡಿಯೊದಲ್ಲಿ ಹಾಡುವ ಶ್ರುತಿ ಎಂಬ ಗಾಯಕಿಯ ದನಿಗೆ ಮಾರುಹೋಗಿ ಪತ್ರ ಬರೆಯುತ್ತಾನೆ, ಪತ್ರದಲ್ಲೇ ಪ್ರೀತಿ ಚಿಗುರುತ್ತದೆ. ಆ ಶ್ರುತಿ ಯಾರೆಂಬುದನ್ನು ಪ್ರೇಕ್ಷಕ ಬೇಗನೆ ಊಹಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ಅಂಗಳದ ಪ್ರತಿ ಜಗಳಕ್ಕೂ ಎರಡು ಅರ್ಥ.

ಹೇಳಿದರೆ ಇಷ್ಟೇ ಕಥೆ. ಆದರೆ ಫಣಿ ರಾಮಚಂದ್ರ ಅವರಿಗೆ ವಠಾರದ ಒಳಸುಳಿ ಚೆನ್ನಾಗಿ ಗೊತ್ತಿತ್ತು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ವಠಾರವೆಂದರೇನು ಎಂದು ವಿವರಿಸಬೇಕಿಲ್ಲ: ಒಂದೇ ಗೇಟು, ಸಾಲುಮನೆಗಳು, ಎಲ್ಲರಿಗೂ ಸೇರಿದ ಅಂಗಳ, ಗೋಡೆಯಾಚೆಯ ಮಾತು ಈಚೆಗೆ ಕೇಳುವಷ್ಟು ಹತ್ತಿರದ ಬದುಕು. ಮಾಲೀಕ ಅದೇ ಕಟ್ಟಡದಲ್ಲೇ ಇರುತ್ತಾನೆ. ಅವನನ್ನು ಬೈಯಬೇಕು, ಬೆಳಗಾದರೆ ನಮಸ್ಕಾರವನ್ನೂ ಹೇಳಬೇಕು. ಗುಟ್ಟು ಉಳಿಯಲಾಗದ ಇಂಥ ಜಾಗದಲ್ಲಿ ಗುಟ್ಟಾಗಿ ಪ್ರೀತಿಸುವವನ ಪಾಡನ್ನು ಹಾಸ್ಯವಾಗಿಸಲು ಬೇರೆ ಜೋಕಿನ ಅಗತ್ಯವೇ ಇಲ್ಲ. ಚಂದ್ರು ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಟಕದಿಂದ ಹೆಸರಿಗೆ ಬಿರುದು ಅಂಟಿಸಿಕೊಂಡು ಬಂದವರು. ಅಧಿಕಾರದ ಗತ್ತು ಅವರಿಗೆ ರೂಢಿ. ಆ ಗತ್ತನ್ನು ರಾಜ್ಯದ ಬದಲು ಬಾಡಿಗೆ ವಸೂಲಿಗೆ ಬಳಸಿದಾಗ ಹೇಗಿರುತ್ತದೆ ಎಂಬುದೇ ರಮಣಮೂರ್ತಿ. ರಾಜನ್ ನಾಗೇಂದ್ರ ಅವರ ಸಂಗೀತ ಪತ್ರದ ಪ್ರೇಮಕ್ಕೆ ಬೇಕಾದ ಮಾಧುರ್ಯ ಕೊಟ್ಟಿತು. ಈಗ ಈ ಕಥೆಯನ್ನು ಹಾಗೆಯೇ ತೆಗೆಯಲಾಗದು. ಮೊಬೈಲ್ ನಂಬರ್ ಸಿಕ್ಕ ಮರುಕ್ಷಣ ಮಧ್ಯಂತರಕ್ಕೆ ಮೊದಲೇ ಶುಭಂ.

ಅನಂತನಾಗ್ ಇಲ್ಲಿ ಮಾಡುವುದನ್ನು ಗಮನಿಸಿ ನೋಡಬೇಕು. ಅವರು ಎಲ್ಲಿಯೂ ನಗಿಸಲು ಹೊರಟವರಂತೆ ಕಾಣುವುದಿಲ್ಲ. ಸುಳ್ಳು ಹೇಳುವಾಗ ದನಿ ಇನ್ನಷ್ಟು ಸಭ್ಯವಾಗುತ್ತದೆ. ಸಿಕ್ಕಿಬಿದ್ದಾಗ ಅರ್ಧ ಕ್ಷಣ ಕಣ್ಣು ಮಾತ್ರ ಆಚೀಚೆ ಆಡುತ್ತದೆ, ಮೈ ಅಲುಗದು. 2025ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ಗಂಭೀರ ಪಾತ್ರಗಳ ಪಟ್ಟಿಯೇ ಎಲ್ಲೆಡೆ ಮುಂದಾಯಿತು. ಗಂಭೀರ ಪಾತ್ರ ಮಾಡಬಲ್ಲವರು ನಮ್ಮಲ್ಲಿ ಇನ್ನೂ ಹಲವರಿದ್ದಾರೆ. ಈ ಬಗೆಯ ಹಾಸ್ಯಕ್ಕೆ ಅವರೊಬ್ಬರೇ.

ಮರುವರ್ಷದ ‘ಗೌರಿ ಗಣೇಶ’ (1991) ಅದೇ ನಿರ್ದೇಶಕರದು, ಇನ್ನೂ ಗಟ್ಟಿ ಕೆಲಸ. ಅನಂತನಾಗ್ ಇಲ್ಲಿ ಲಂಬೋದರ, ಕೆಲಸವಿಲ್ಲದ, ಮಾತೇ ಬಂಡವಾಳವಾದ ಮನುಷ್ಯ. ಗೌರಿ ಎಂಬ ಹೆಣ್ಣುಮಗಳ ಡೈರಿ ಅವನ ಕೈ ಸೇರುತ್ತದೆ. ಅದರಲ್ಲಿ ಕಂಡ ಮೂವರು ಮರ್ಯಾದಸ್ಥರ ಬಳಿಗೆ ಒಬ್ಬೊಬ್ಬರಂತೆ ಹೋಗಿ, ಪುಟ್ಟ ಗಣೇಶನನ್ನು ಮುಂದಿಟ್ಟು, ಇವನು ನಿಮ್ಮ ಮಗ ಎಂದು ನಂಬಿಸಿ ದುಡ್ಡು ಕೀಳುತ್ತಾನೆ. ಸಂಸಾರಸ್ಥರು ಹೆದರುತ್ತಾರೆ, ಏಕೆಂದರೆ ಹೆದರಲು ಅವರಿಗೆ ಕಾರಣವಿದೆ. ಅಲ್ಲಿಯೇ ಇರುವುದು ಚಿತ್ರದ ಚುರುಕು. ಲಂಬೋದರನದು ಬರೀ ಸುಳ್ಳು ಎಂದು ಗದರಿ ಕಳಿಸುವ ಧೈರ್ಯ ಆ ಮೂವರಲ್ಲಿ ಯಾರಿಗೂ ಇಲ್ಲ. ಮಾಸ್ಟರ್ ಆನಂದ್ ಮಾಡಿದ ಗಣೇಶನ ಪಾತ್ರ ಇಂದಿಗೂ ನಮ್ಮ ಬಾಲನಟರಿಗೆ ಅಳತೆಗೋಲು. ದೊಡ್ಡವರ ಮಾತನ್ನು ಗಿಣಿಪಾಠದಂತೆ ಒಪ್ಪಿಸುವ ಚಟ ಅವನಿಗಿಲ್ಲ. ರಮೇಶ್ ಭಟ್, ಮುಖ್ಯಮಂತ್ರಿ ಚಂದ್ರು, ಸಿಹಿಕಹಿ ಚಂದ್ರು, ವಿನಯಾ ಪ್ರಸಾದ್ ಎಲ್ಲರೂ ಇರುವ ಈ ತಾರಾಗಣದಲ್ಲಿ ಹಾಸ್ಯಕ್ಕೆಂದು ಬೇರೆ ನಟರಿಲ್ಲ ಎಂಬುದನ್ನೂ ಗಮನಿಸಬೇಕು. ಕಥೆ ನಡೆಸುವವರೇ ನಗಿಸುವವರು. ನರಸಿಂಹರಾಜು ಅವರಿಗೆ ಸಿಗದ ಜಾಗ ಇದು.

ಅದೇ ಹೊತ್ತಿಗೆ ಕೋಡ್ಲು ರಾಮಕೃಷ್ಣ ‘ಉದ್ಭವ’ (1990) ತೆಗೆದರು. ಪತ್ರಕರ್ತ ಬಿ.ವಿ. ವೈಕುಂಠರಾಜು ಅವರ ಕಾದಂಬರಿ ಆಧಾರ. ನಗರದ ನಡುವೆ ಗಣಪತಿ ‘ಉದ್ಭವ’ವಾಗುತ್ತಾನೆ, ಅಥವಾ ಉದ್ಭವವಾಗುವಂತೆ ಏರ್ಪಾಡು ಮಾಡಲಾಗುತ್ತದೆ. ರಸ್ತೆ ಅಗಲ ಮಾಡುವ ಕೆಲಸ, ಭಕ್ತಿ, ರಾಜಕಾರಣ, ಲಾಭ ಎಲ್ಲವೂ ಆ ಮೂರ್ತಿಯ ಸುತ್ತ ಪ್ರದಕ್ಷಿಣೆ ಹಾಕತೊಡಗುತ್ತವೆ. ಇಂಥ ಕಥೆಯನ್ನು ಅಂದು ಯಾವ ಗಲಾಟೆಯೂ ಇಲ್ಲದೆ ತೆಗೆದರು, ಜನ ನೋಡಿ ನಕ್ಕರು. ಈಗಿನ ನಿರ್ಮಾಪಕರು ಕಥೆ ಕೇಳುವ ಮೊದಲೇ ವಕೀಲರಿಗೆ ಫೋನ್ ಮಾಡಿಯಾರು. ಮರಳಿ ನೋಡಲು ಅದೊಂದೇ ಕಾರಣ ಸಾಕು.

ಹಳೆಯದೆಲ್ಲ ಹೊನ್ನೆಂದು ಯಾರೂ ನಂಬಬೇಕಿಲ್ಲ. 1989ರ ‘ನಂಜುಂಡಿ ಕಲ್ಯಾಣ’ವನ್ನೇ ನೋಡಿ. ಶೇಕ್ಸ್‌ಪಿಯರ್‌ನ ಗಯ್ಯಾಳಿಯ ಕಥೆಯನ್ನು ಪರ್ವತವಾಣಿ ಕನ್ನಡ ರಂಗಭೂಮಿಗೆ ತಂದಿದ್ದರು. ಅದೇ ಎಳೆಯನ್ನು ರಾಘವೇಂದ್ರ ರಾಜ್‌ಕುಮಾರ್ ಮತ್ತು ಮಾಲಾಶ್ರೀ ಜೋಡಿಗೆ ಹೊಂದಿಸಿ ಎಂ.ಎಸ್. ರಾಜಶೇಖರ್ ಚಿತ್ರ ಮಾಡಿದರು. ಚಿತ್ರ ಭರ್ಜರಿಯಾಗಿ ಓಡಿತು. ಈಗ ನೋಡಿದರೆ ಸೊಕ್ಕಿನ ಹೆಣ್ಣನ್ನು ಪಳಗಿಸುವ ಭಾಗ ಕಸಿವಿಸಿ ತರುತ್ತದೆ, ತರಬೇಕು ಕೂಡ. ಆದರೆ ಸೊಕ್ಕು ಇರುವಷ್ಟು ಹೊತ್ತು ತೆರೆಯ ಮೇಲೆ ಮಾಲಾಶ್ರೀಯನ್ನು ಬಿಟ್ಟು ಇನ್ನಾರೂ ಕಾಣುವುದಿಲ್ಲ. ಆ ಹುಡುಗಿಯ ಸೊಕ್ಕಿಗಾಗಿ ನೋಡಬಹುದು, ಪಾಠಕ್ಕಾಗಿ ಬೇಡ.

ಕಾಶಿನಾಥ್ ಅವರ ವಿಷಯದಲ್ಲೂ ಇಂಥದೇ ಇಬ್ಬಂದಿ. ‘ಅನುಭವ’ (1984), ‘ಅನಂತನ ಅವಾಂತರ’ (1989) ಚಿತ್ರಗಳ ಪೋಸ್ಟರ್ ನೋಡಿ ಮನೆಯ ಹಿರಿಯರು ಮುಖ ತಿರುಗಿಸುತ್ತಿದ್ದರು. ದ್ವಂದ್ವಾರ್ಥ ಅವುಗಳಲ್ಲಿ ಧಾರಾಳವಾಗಿದೆ. ಅದನ್ನು ದಾಟಿ ನೋಡಿದರೆ ಕಾಣುವವನು ಹೆಣ್ಣಿನ ಎದುರು ಬೆವರುವ, ಏನೂ ಗೊತ್ತಿಲ್ಲದ, ಎಲ್ಲ ಗೊತ್ತಿರುವಂತೆ ನಟಿಸುವ ಸಾಮಾನ್ಯ ಗಂಡಸು. ಅಂಥವನು ನಾಯಕನಾಗಬಹುದು ಎಂದು ತೋರಿಸಿದ್ದು ಕಾಶಿನಾಥ್. ಅವರ ಗರಡಿಯಿಂದ ಬಂದ ಉಪೇಂದ್ರ ಮೊದಲು ನಿರ್ದೇಶಿಸಿದ ‘ತರ್ಲೆ ನನ್ ಮಗ’ (1992) ಜಗ್ಗೇಶ್ ಅವರಿಗೆ ಒಂದು ದಾರಿ ತೆರೆಯಿತು. ಆ ದಾರಿಯ ಕೊನೆಯಲ್ಲಿ ಗುರುಪ್ರಸಾದ್ ಅವರ ‘ಮಠ’ (2006) ಮತ್ತು ‘ಎದ್ದೇಳು ಮಂಜುನಾಥ’ (2009) ಇವೆ. ಎರಡನೆಯದರಲ್ಲಿ ಜಗ್ಗೇಶ್ ಸೋಮಾರಿ ಕುಡುಕ. ಅವನ ಜತೆ ಮಾತಿಗೆ ಕೂರುವ ಅಂಧ ಗೆಳೆಯನಾಗಿ ತಬಲಾ ನಾಣಿ. ಇಬ್ಬರು ಕೂತು ಮಾತಾಡುವುದನ್ನೇ ಇಡೀ ಚಿತ್ರಕ್ಕೆ ಆಧಾರ ಮಾಡಿಕೊಳ್ಳಲು ಮಾತಿನ ಮೇಲೆ ಎಂಥ ನಂಬಿಕೆ ಬೇಕು!

ಹೆಂಗಸರ ಹಾಸ್ಯದ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ. ನರಸಿಂಹರಾಜು ಅವರ ಎದುರು ನಿಂತು ಸಮಸಮ ಉತ್ತರ ಕೊಡುತ್ತಿದ್ದ ಬಿ. ಜಯಾ, ಘಟವಾಣಿ ಅತ್ತೆಯರಿಗೆ ರೂಪ ಕೊಟ್ಟ ರಮಾದೇವಿ, ಎಂ.ಎನ್. ಲಕ್ಷ್ಮೀದೇವಿ ಇವರ ಹೆಸರಿನಲ್ಲಿ ಚಿತ್ರೋತ್ಸವಗಳು ನಡೆದದ್ದು ಕಾಣೆ. ಕಾಶಿನಾಥರ ‘ಅನುಭವ’ದಲ್ಲಿ ಕಾಣಿಸಿಕೊಂಡ ಉಮಾಶ್ರೀ, ಆಮೇಲೆ ಎನ್.ಎಸ್. ರಾವ್ ಜೋಡಿಯಾಗಿ ಅದೆಷ್ಟೋ ಅಗ್ಗದ ದೃಶ್ಯಗಳಲ್ಲಿ ನಟಿಸಬೇಕಾಯಿತು. ಬರವಣಿಗೆ ಸೋತ ಕಡೆಯೂ ಅವರ ಟೈಮಿಂಗ್ ಸೋತಿಲ್ಲ. ಅದೇ ನಟಿ ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ಗಾಗಿ ರಾಷ್ಟ್ರಪ್ರಶಸ್ತಿ ಪಡೆದಾಗ ಹಲವರು ಅಚ್ಚರಿಪಟ್ಟರು. ಹಾಸ್ಯದ ದೃಶ್ಯಗಳನ್ನು ಸರಿಯಾಗಿ ನೋಡಿದ್ದರೆ ಅಚ್ಚರಿಪಡಬೇಕಾದದ್ದೇನೂ ಇರಲಿಲ್ಲ.

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಸಿನಿಮಾದ ಹಾಸ್ಯ ಮತ್ತೆ ಪಕ್ಕದ ಸಾಲಿಗೆ ಸರಿಯಿತು. ನಾಯಕ ಹೊಡೆದಾಟ ಮುಗಿಸಿ ಬರುವಷ್ಟರಲ್ಲಿ ಟೆನ್ನಿಸ್ ಕೃಷ್ಣ, ರೇಖಾ ದಾಸ್ ಒಂದು ಸುತ್ತು ಜಗಳವಾಡಬೇಕು, ಅಷ್ಟೆ. ನಟರು ಚೆನ್ನಾಗಿಯೇ ಇದ್ದರು, ಬರವಣಿಗೆ ಇರಲಿಲ್ಲ. ರಾಜೇಂದ್ರಸಿಂಗ್ ಬಾಬು ‘ಕುರಿಗಳು ಸಾರ್ ಕುರಿಗಳು’, ‘ಕೋತಿಗಳು ಸಾರ್ ಕೋತಿಗಳು’ (ಎರಡೂ 2001) ಮೂಲಕ ನಾಯಕರನ್ನೇ ಪೆದ್ದರನ್ನಾಗಿಸಿ ಅದನ್ನು ಮುರಿದರು. 2005ರಲ್ಲಿ ರಮೇಶ್ ಅರವಿಂದ್ ತಮ್ಮ ಮೊದಲ ನಿರ್ದೇಶನದ ‘ರಾಮ ಶಾಮ ಭಾಮ’ದಲ್ಲಿ ಕಮಲ್ ಹಾಸನ್ ಬಾಯಲ್ಲಿ ಹುಬ್ಬಳ್ಳಿ ಕನ್ನಡ ಆಡಿಸಿದರು. ರಿಮೇಕ್ ಎಂಬ ಕೊಂಕು ಆ ಚಿತ್ರಕ್ಕೆ ಅಂಟಿದರೂ ಆ ಮಾತಿನ ರುಚಿ ಇಲ್ಲಿಯದೇ.

ಅಷ್ಟರಲ್ಲಿ ವಠಾರ ಟಿ.ವಿ.ಗೆ ಸ್ಥಳಾಂತರವಾಗಿತ್ತು.

ಬೆಂಗಳೂರು ದೂರದರ್ಶನದ ಕಾಲದಲ್ಲೇ ಇದಕ್ಕೆ ನಾಂದಿ ಆಗಿತ್ತು. ‘ಸಿಹಿಕಹಿ’ ಧಾರಾವಾಹಿ ಎಷ್ಟು ಮನೆಮಾತಾಯಿತೆಂದರೆ ಅದರ ಹೆಸರು ಚಂದ್ರು ಮತ್ತು ಗೀತಾ ಇಬ್ಬರ ಹೆಸರಿನ ಹಿಂದೆ ಖಾಯಂ ಆಗಿ ಕೂತಿತು. ಮುಂದೆ ಅವರಿಬ್ಬರೂ ನಿಜ ಬದುಕಿನಲ್ಲೂ ದಂಪತಿಯಾದರು. ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಹತ್ತಾರು ಜನ ಒಂದೇ ಟಿ.ವಿ. ಮುಂದೆ ಕೂತು ನೋಡುತ್ತಿದ್ದ ದಿನಗಳದು. ಖಾಸಗಿ ವಾಹಿನಿಗಳು ಬಂದ ಮೇಲೆ ಫಣಿ ರಾಮಚಂದ್ರ ನಿರುದ್ಯೋಗಿ ಹುಡುಗರ ‘ದಂಡಪಿಂಡಗಳು’ ಮಾಡಿದರು. ಸಿಹಿಕಹಿ ಚಂದ್ರು ಈಟಿವಿ ಕನ್ನಡಕ್ಕೆ ‘ಪಾ.ಪ. ಪಾಂಡು’ ತಂದರು.

ಚಿದಾನಂದ ಪಾಂಡು, ಶಾಲಿನಿ ಅವನ ಶ್ರೀಮತಿ. ಹೆಂಡತಿಯ ಕೈಗೆ ಸಿಕ್ಕ ಪಾತ್ರೆ ಪಗಡವೆಲ್ಲ ಗಂಡನ ಮೇಲೆ ಎರಗುವುದೇ ಅದರ ಪಲ್ಲವಿ. ಹೆಂಗಸು ಹೊಡೆದರೆ ನಗು ಎನ್ನುವ ಲೆಕ್ಕಾಚಾರ ಇಂದು ಸಪ್ಪೆ, ಎಂಟು ಕಂತು ಒಟ್ಟಿಗೆ ನೋಡಿದರೆ ತಲೆನೋವು. ಧಾರಾವಾಹಿಯನ್ನು ಉಳಿಸಿದ್ದು ಪಾಂಡುವಿನ ಮುಗ್ಧತೆ ಮತ್ತು ಸುತ್ತಲಿನ ಸಣ್ಣಪುಟ್ಟ ಪಾತ್ರಗಳು. ಸಾವಿರಕ್ಕೂ ಹೆಚ್ಚು ಕಂತು ಓಡಿದ ಅದನ್ನು ಇಡಿಯಾಗಿ ನೋಡಿ ಎಂದು ಯಾರಿಗೂ ಹೇಳುವಂತಿಲ್ಲ. ದಿನಕ್ಕೊಂದು, ಊಟಕ್ಕೆ ಮುಂಚೆ, ಹಿತಮಿತ.

‘ಸಿಲ್ಲಿ ಲಲ್ಲಿ’ಯ ಮಾತು ಬೇರೆ. ವಿಜಯ ಪ್ರಸಾದ್ ನಿರ್ದೇಶಿಸಿದ ಈ ಧಾರಾವಾಹಿಯಲ್ಲಿ ರವಿಶಂಕರ್ ಗೌಡ ಡಾ. ವಿಠ್ಠಲ್ ರಾವ್. ಅವರ ಕ್ಲಿನಿಕ್ಕಿಗೆ ರೋಗಿ ಬಂದರೆ ವೈದ್ಯಕೀಯ ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ಇನ್ನೊಂದು ಬದಿಗೆ ಸಮಾಜಸೇವಕಿ ಲಲಿತಾಂಬ, ಸೇವೆಗಿಂತ ಸನ್ಮಾನದ ಮೇಲೆ ಕಣ್ಣಿಟ್ಟ ಹೆಂಗಸು. ಶಾಲು, ಹಾರ, ಮೈಸೂರು ಪೇಟ, ಮೈಕು, ಫೋಟೊ ಇವುಗಳ ಮೇಲಿನ ನಮ್ಮ ಸಾರ್ವಜನಿಕ ಹಸಿವನ್ನು ಇಷ್ಟು ಚೆನ್ನಾಗಿ ಗೇಲಿ ಮಾಡಿದ ಕಾರ್ಯಕ್ರಮ ಕನ್ನಡ ಟಿ.ವಿ.ಯಲ್ಲಿ ಮತ್ತೊಂದಿಲ್ಲ. ವಿಜಯ ಪ್ರಸಾದ್ ಮುಂದೆ ‘ಸಿದ್ಲಿಂಗು’ (2012), ‘ನೀರ್‌ದೋಸೆ’ (2016) ಚಿತ್ರಗಳಲ್ಲಿ ಪೋಲಿ ಮಾತು ಮತ್ತು ಸಂಕಟ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವರಸೆ ತೋರಿಸಿದರು. ಅದರ ತಾಲೀಮು ನಡೆದದ್ದು ಈ ಕ್ಲಿನಿಕ್ಕಿನಲ್ಲಿ.

ಈಚಿನದರಲ್ಲಿ 2025ರ ‘ಸು ಫ್ರಂ ಸೋ’ ಗೆದ್ದ ಬಗೆ ಈ ಮಾತಿಗೆಲ್ಲ ಪುಷ್ಟಿ ಕೊಡುತ್ತದೆ. ಅದರ ನಿರ್ದೇಶಕ ಜೆ.ಪಿ. ತುಮಿನಾಡ್ ಬಂದದ್ದು ತುಳು ರಂಗಭೂಮಿಯಿಂದ. ಕರಾವಳಿಯ ಒಂದು ಊರು, ಸೋಮೇಶ್ವರದ ಸುಲೋಚನಳ ದೆವ್ವ ಮೈಮೇಲೆ ಬಂದಿದೆ ಎಂಬ ಸುದ್ದಿ, ಊರಿಗೆ ಊರೇ ಪರಿಹಾರಕ್ಕೆ ಹೊರಡುವ ಭರಾಟೆ. ದೊಡ್ಡ ತಾರೆ ಇಲ್ಲ, ಹಾಸ್ಯನಟ ಎಂಬ ಪ್ರತ್ಯೇಕ ಜಾತಿಯೂ ಇಲ್ಲ. ತುಳು ನಾಟಕಗಳು ವರ್ಷಗಳಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ನಾಟಕವಾಗಿ ಗೆದ್ದು ಆಮೇಲೆ ಚಿತ್ರವಾದ ‘ಒರಿಯರ್ದೊರಿ ಅಸಲ್’ (2011) ನೋಡಿದವರಿಗೆ ‘ಸು ಫ್ರಂ ಸೋ’ ಆಕಾಶದಿಂದ ಉದುರಿದ್ದಲ್ಲ ಎಂಬುದು ಗೊತ್ತಾಗುತ್ತದೆ.

ಇವೆಲ್ಲ ಸಿಗುತ್ತವೆಯೇ? ಅನಂತನಾಗ್ ಕಾಲದ ಬಹುತೇಕ ಚಿತ್ರಗಳು ಯೂಟ್ಯೂಬಿನಲ್ಲಿವೆ. ಬಣ್ಣ ಮಾಸಿದ ಪ್ರತಿಗಳು, ಅಂಚು ಕತ್ತರಿಸಿದ ಚೌಕಟ್ಟು, ನಡುನಡುವೆ ಜಾಹೀರಾತು. ಕಪ್ಪುಬಿಳುಪು ಚಿತ್ರಗಳ ಪಾಡು ಇನ್ನೂ ಕಷ್ಟ. ಧಾರಾವಾಹಿಗಳದಂತೂ ಹರಿದು ಹಂಚಿದ ಕಂತುಗಳೇ ಹೆಚ್ಚು. ಗಂಭೀರ ಚಿತ್ರಗಳನ್ನು ಸಂರಕ್ಷಿಸಬೇಕೆಂದು ಹೇಳುವವರು ಇದ್ದಾರೆ. ನಗಿಸಿದ ಚಿತ್ರಗಳ ಪರವಾಗಿ ಅರ್ಜಿ ಹಾಕುವವರು ಕಾಣುವುದಿಲ್ಲ. ‘ಉದ್ಭವ’ ಮತ್ತು ‘ಗೌರಿ ಗಣೇಶ’ ಚಿತ್ರಗಳ ಹಕ್ಕು ಯಾರ ಬಳಿ ಇದೆಯೋ ಅವರು, ಚಲನಚಿತ್ರ ಅಕಾಡೆಮಿಯವರು ಸೇರಿ ಸ್ವಚ್ಛವಾದ ಪ್ರತಿ ಮಾಡಿಸಿದರೆ ಬೆಂಗಳೂರಿನ ಚಿತ್ರೋತ್ಸವದಲ್ಲಿ ಒಂದು ಬೆಳಗಿನ ಪ್ರದರ್ಶನ ತುಂಬುವುದರಲ್ಲಿ ಸಂಶಯವಿಲ್ಲ.

ಅಲ್ಲಿಯವರೆಗೆ ಇರುವ ಪ್ರತಿಯೇ ಗತಿ. ಈ ಭಾನುವಾರ ಒಂದಕ್ಕೆ ಮಾತ್ರ ಬಿಡುವಿದ್ದರೆ ‘ಗೌರಿ ಗಣೇಶ’ ನೋಡಿ. ಎರಡಕ್ಕೆ ಬಿಡುವಿದ್ದರೆ ಮೊದಲು ‘ಗಣೇಶನ ಮದುವೆ’, ಊಟವಾದ ಮೇಲೆ ‘ಗೌರಿ ಗಣೇಶ’. ‘ಉದ್ಭವ’ವನ್ನು ಚುನಾವಣೆ ಹತ್ತಿರ ಬಂದಾಗ ನೋಡುವುದು ಒಳ್ಳೆಯದು.